ಮಂಡಿ, ಸೊಂಟದ ಕೀಲು ಬದಲಾಯಿಸಿಕೊಂಡವರೇ, ಆಮೇಲಿನ ಫಾಲೋ-ಅಪ್ ಹೇಗಿತ್ತು?

ಜಯನಗರ_ಮಗಳು

ಎಲ್ಲರಿಗೂ ನಮಸ್ಕಾರ. ಕೀಲು ಬದಲಾಯಿಸಿಕೊಂಡವರು, ಅವರನ್ನು ನೋಡಿಕೊಂಡ ಮನೆಯವರು ಇಲ್ಲಿದ್ದರೆ ದಯವಿಟ್ಟು ಉತ್ತರ ಕೊಡಿ.

ನಮ್ಮ ಅಮ್ಮನಿಗೆ ಈ ವರ್ಷ ಬಲ ಮಂಡಿಯ ಆಪರೇಷನ್ ಆಯಿತು. ಆಪರೇಷನ್ ಬಗ್ಗೆ ದೂರಿಲ್ಲ. ಡಾಕ್ಟರ್ ಒಳ್ಳೆಯವರು, ಮಾರನೇ ದಿನವೇ ವಾಕರ್ ಹಿಡಿಸಿ ನಡೆಸಿದರು, ಹೊಲಿಗೆ ಬಿಚ್ಚುವವರೆಗೆ ಆಸ್ಪತ್ರೆಯಿಂದ ಫೋನ್ ಕೂಡ ಬರುತ್ತಿತ್ತು. ನನ್ನ ಸಂಕಟ ಅದಾದ ಮೇಲಿನದು. ಆರು ವಾರದ ರಿವ್ಯೂಗೆ ಹೋದೆವು. ಎಕ್ಸ್‌ರೇ ತೆಗೆಸಿ, ಟೋಕನ್ ಹಿಡಿದು ಕೂತು, ಮಧ್ಯಾಹ್ನದ ಹೊತ್ತಿಗೆ ಒಳಗೆ ಕರೆದರು. ಡಾಕ್ಟರ್ ಕಂಪ್ಯೂಟರ್‌ನಲ್ಲಿ ಎಕ್ಸ್‌ರೇ ನೋಡಿ, "ಫಸ್ಟ್ ಕ್ಲಾಸ್ ಆಗಿದೆ ಅಮ್ಮ, ಇನ್ನು ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಅಷ್ಟೇ. ಅಮ್ಮ ಮಂಡಿ ತೋರಿಸಬೇಕು ಅಂತ ಸೀರೆ ನೆರಿಗೆ ಸ್ವಲ್ಪ ಮೇಲೆತ್ತಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು, ಯಾರೂ ನೋಡಲಿಲ್ಲ. ನಡೆದು ತೋರಿಸಿ ಅಂತಲೂ ಹೇಳಲಿಲ್ಲ.

ರಾತ್ರಿ ನಿದ್ದೆ ಬರುವುದಿಲ್ಲ. ಗಾಯದ ಹೊರಪಕ್ಕ ಮುಟ್ಟಿದರೆ ಗೊತ್ತಾಗುವುದಿಲ್ಲ. ನಡೆಯುವಾಗ ಒಳಗೆ ಟಕ್ ಅಂತ ಸದ್ದು. ಇನ್ನು ಮುಂದೆ ದೇವರ ಮನೆಯಲ್ಲಿ ಕೆಳಗೆ ಕೂರಬಹುದಾ? ಇದನ್ನೆಲ್ಲ ಕೇಳಬೇಕು ಅಂತ ಆಟೋದಲ್ಲಿ ನನಗೆ ಒಪ್ಪಿಸುತ್ತಾ ಬಂದವರು, ವಾಪಸ್ ಹೋಗುವಾಗ ಮಾತೇ ಆಡಲಿಲ್ಲ.

ಎಕ್ಸ್‌ರೇ ಚೆನ್ನಾಗಿದ್ದರೆ ಸಂತೋಷವೇ. ಆದರೆ ಮಂಡಿ ಬದಲಾಯಿಸಿಕೊಂಡದ್ದು ಎಕ್ಸ್‌ರೇಗಾಗಿ ಅಲ್ಲ, ನಡೆಯೋದಕ್ಕೆ, ಮೆಟ್ಟಿಲು ಹತ್ತೋದಕ್ಕೆ, ನೋವಿಲ್ಲದೆ ಮಲಗೋದಕ್ಕೆ. ಅದನ್ನು ಕೇಳುವುದು ಯಾರ ಕೆಲಸ? ನಿಮ್ಮನ್ನು ಯಾರಾದರೂ ಕೇಳಿದರಾ?

ಬನಶಂಕರಿ_ಫಿಸಿಯೋ

ಮೇಡಂ, ನಾನು ಮನೆಗಳಿಗೆ ಹೋಗಿ ಫಿಸಿಯೋ ಮಾಡಿಸುತ್ತೇನೆ. ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಗಾಯದ ಹೊರಪಕ್ಕ ಮರಗಟ್ಟುವುದು ಬಹಳ ಜನರಿಗೆ ಆಗುತ್ತದೆ. ಮಂಡಿ ಮುಂದೆ ಕೊಯ್ಯುವಾಗ ಚರ್ಮಕ್ಕೆ ಹೋಗುವ ಸಣ್ಣ ನರ ಕತ್ತರಿಸಿ ಹೋಗುತ್ತದೆ. ತಿಂಗಳುಗಳು ಕಳೆದ ಹಾಗೆ ಆ ಜಾಗ ಚಿಕ್ಕದಾಗುತ್ತದೆ, ಕೆಲವರಿಗೆ ಒಂದಿಷ್ಟು ಹಾಗೇ ಉಳಿಯುತ್ತದೆ. ಟಕ್ ಅನ್ನುವುದು ಒಳಗಿನ ಲೋಹ ಮತ್ತು ಪ್ಲಾಸ್ಟಿಕ್ ತಾಗುವ ಸದ್ದು. ಅದರ ಜೊತೆ ನೋವು ಇಲ್ಲ, ಮಂಡಿ ಜಾರಿದ ಹಾಗೆ ಆಗುವುದಿಲ್ಲ ಅಂದರೆ ಚಿಂತೆ ಬೇಡ. ಊತ, ಮುಟ್ಟಿದರೆ ಬಿಸಿ ಬಿಸಿ, ಇವು ಮೂರು ತಿಂಗಳು, ಕೆಲವರಿಗೆ ಆರು ತಿಂಗಳವರೆಗೂ ಇರುತ್ತವೆ. ನಿದ್ದೆ ಕೆಡುವುದಂತೂ ಮಂಡಿ ಆಪರೇಷನ್ ಆದವರಲ್ಲಿ ತುಂಬಾ ಸಾಮಾನ್ಯ, ಮೊದಲ ಎರಡು ಮೂರು ತಿಂಗಳು.

ಈಗ ನಾನು ಕೇಳುತ್ತೇನೆ. ಅಮ್ಮ ಕಾಲು ಚಾಚಿ ಮಲಗಿದಾಗ ಮಂಡಿ ಪೂರ್ತಿ ನೆಟ್ಟಗಾಗುತ್ತದಾ? ಮಂಡಿಯ ಹಿಂಭಾಗ ಹಾಸಿಗೆಗೆ ತಾಗುತ್ತದಾ? ಎಲ್ಲರೂ ಎಷ್ಟು ಬಗ್ಗುತ್ತದೆ ಅಂತಲೇ ಕೇಳುತ್ತಾರೆ, ನೆಟ್ಟಗಾಗುವುದನ್ನು ಕೇಳುವುದಿಲ್ಲ. ನೆಟ್ಟಗಾಗದಿದ್ದರೆ ಕುಂಟು ಹೋಗುವುದಿಲ್ಲ, ಇದು ನೆನಪಿರಲಿ. ಎಷ್ಟೋ ಮನೆಗಳಲ್ಲಿ ಪಾಪ ನೋಯುತ್ತದೆ ಅಂತ ಮಂಡಿ ಕೆಳಗೆ ದಿಂಬು ಇಟ್ಟು ಮಲಗಿಸಿರುತ್ತಾರೆ. ದಿಂಬು ತೆಗೆಯಿರಿ. ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಡಿ, ಮಂಡಿ ತಾನಾಗಿ ಕೆಳಗೆ ಇಳಿಯಲಿ. ಬಗ್ಗುವುದು ಎರಡು ವಾರಕ್ಕೆ 90 ಡಿಗ್ರಿ ಹತ್ತಿರ, ಆರು ವಾರಕ್ಕೆ 110 ಆಸುಪಾಸು ಬಂದಿದ್ದರೆ ಚೆನ್ನಾಗಿದೆ. ಈಗಲೂ 90 ದಾಟಿಲ್ಲ ಅಂದರೆ ಮೂರು ತಿಂಗಳು ಕಾಯಬೇಡಿ, ಈ ವಾರವೇ ಡಾಕ್ಟರ್‌ಗೆ ಹೇಳಿ. ಅರಿವಳಿಕೆ ಕೊಟ್ಟು ಮಂಡಿ ಬಗ್ಗಿಸುವ ಚಿಕಿತ್ಸೆ ಇದೆ, ತಡವಾದಷ್ಟೂ ಅದರ ಫಲ ಕಡಿಮೆ.

ಕೆಳಗೆ ಕೂರುವುದು ಬೇಡ ಅಂತಲೇ ಹೆಚ್ಚಿನ ಡಾಕ್ಟರ್‌ಗಳು ಹೇಳುತ್ತಾರೆ. ದೇವರ ಮನೆಯಲ್ಲಿ ಎತ್ತರದ ಸ್ಟೂಲ್ ಹಾಕಿ.

ಜಯನಗರ_ಮಗಳು

ಸರ್, ತುಂಬಾ ಥ್ಯಾಂಕ್ಸ್. ಓದಿ ಹೇಳಿದೆ, ಮುಖವೇ ಬದಲಾಯಿತು. ದಿಂಬು ಇಟ್ಟುಕೊಂಡೇ ಮಲಗುತ್ತಿದ್ದರು. ಇಷ್ಟು ವಿಷಯ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಡಿಸ್ಚಾರ್ಜ್ ದಿನ ಕೊಟ್ಟಿದ್ದರೆ ಎಷ್ಟು ರಾತ್ರಿಗಳ ಭಯ ತಪ್ಪುತ್ತಿತ್ತು ಅನ್ನಿಸಿತು. ನಮಗೆ ಕೊಟ್ಟದ್ದು ಇಂಗ್ಲಿಷ್ ಸಮ್ಮರಿ, ಅದರಲ್ಲಿ ಅಮ್ಮನಿಗೆ ಓದಲು ಬರುವುದು ಅವರ ಹೆಸರು ಮಾತ್ರ.

ರಾಜಾಜಿನಗರ_ನಿವೃತ್ತ

ನನ್ನ ಎರಡೂ ಮಂಡಿ ಬದಲಾಗಿವೆ, ಎಡದ್ದಕ್ಕೆ ಈಗ ಹತ್ತು ವರ್ಷ ದಾಟಿದೆ. ಬೆಳಿಗ್ಗೆ ವಾಕಿಂಗ್ ಮಾಡುತ್ತೇನೆ, ಮೆಟ್ರೋದಲ್ಲಿ ಓಡಾಡುತ್ತೇನೆ. ನನಗೆ ಆಪರೇಷನ್ ವರ. ಆದರೆ ಫಾಲೋ-ಅಪ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಂದು ವರ್ಷದ ನಂತರ ನನ್ನನ್ನು ಯಾವ ಆಸ್ಪತ್ರೆಯೂ ಕರೆದಿಲ್ಲ. ನೋವಿದ್ದರೆ ಬನ್ನಿ ಅಂದರು. ನೋವು ಬಂದ ಮೇಲೆ ಹೋಗುವುದು ತಡ ಆಗಬಹುದು ಅಂತ ಆಮೇಲೆ ತಿಳಿಯಿತು. ಒಳಗಿನ ಪ್ಲಾಸ್ಟಿಕ್ ಸವೆದು ಅದರ ಪುಡಿಯಿಂದ ಸುತ್ತಲಿನ ಮೂಳೆ ಕರಗುತ್ತಾ ಹೋಗಬಹುದಂತೆ, ಅದು ಕೆಲವು ಸಲ ಎಕ್ಸ್‌ರೇಯಲ್ಲಿ ಮೊದಲು ಕಾಣುತ್ತದೆ, ನೋವು ಆಮೇಲೆ. ಹಾಗಾಗಿ ನಾನೇ ಕೆಲವು ವರ್ಷಕ್ಕೊಮ್ಮೆ ಹೋಗಿ ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಿ ಅಂತ ಕೇಳುತ್ತೇನೆ.

ಎಲ್ಲರೂ ಒಂದು ಕೆಲಸ ಮಾಡಿ. ಇಂಪ್ಲಾಂಟ್, ಅಂದರೆ ಒಳಗೆ ಹಾಕಿದ ಕೃತಕ ಕೀಲು, ಅದರ ಸ್ಟಿಕ್ಕರ್ ಕೇಳಿ ಪಡೆಯಿರಿ.

ಹೆಬ್ಬಾಳ_ಸೊಸೆ

ಸ್ಟಿಕ್ಕರ್ ಅಂದರೆ ಏನು ಅಂಕಲ್? ನಮ್ಮತ್ತೆಯ ಫೈಲ್‌ನಲ್ಲಿ ಬಿಲ್, ಸಮ್ಮರಿ, ಸಿಡಿ ಇದೆ ಅಷ್ಟೇ.

ರಾಜಾಜಿನಗರ_ನಿವೃತ್ತ

ಇಂಪ್ಲಾಂಟ್ ಡಬ್ಬಿಯೊಳಗೆ ಚಿಕ್ಕ ಬಿಳಿ ಸ್ಟಿಕ್ಕರ್‌ಗಳು ಇರುತ್ತವಮ್ಮ. ಬಾರ್‌ಕೋಡ್, ಕಂಪನಿ ಹೆಸರು, ಸೈಜು, ರೆಫ್ ನಂಬರ್, ಲಾಟ್ ನಂಬರ್ ಎಲ್ಲ ಅದರ ಮೇಲೆ. ಮಂಡಿಯಲ್ಲಿ ತೊಡೆ ಮೂಳೆಗೆ ಒಂದು ಭಾಗ, ಕೆಳಗಿನ ಮೂಳೆಗೆ ಒಂದು, ಮಧ್ಯೆ ಪ್ಲಾಸ್ಟಿಕ್ ಒಂದು, ಹಾಗಾಗಿ ಮೂರು ನಾಲ್ಕು ಸ್ಟಿಕ್ಕರ್. ಆಪರೇಷನ್ ಥಿಯೇಟರ್‌ನ ಟಿಪ್ಪಣಿ ಹಾಳೆಗೆ ಅಂಟಿಸಿರುತ್ತಾರೆ. ಆ ಹಾಳೆಯ ಜೆರಾಕ್ಸ್ ಸಿಕ್ಕರೂ ಸಾಕು. ಬಿಲ್ ಕೂಡ ನೋಡಿ. 2017ರ ಆಗಸ್ಟ್‌ನಲ್ಲಿ ಕೇಂದ್ರ ಮಂಡಿ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿತಲ್ಲ, ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಲೋಹದ್ದಕ್ಕೆ ಆಗ 54,720 ರೂಪಾಯಿ ಮತ್ತು ಜಿಎಸ್‌ಟಿ, ಆ ಆದೇಶದಲ್ಲೇ ಆಸ್ಪತ್ರೆ ಬಿಲ್‌ನಲ್ಲಿ ಇಂಪ್ಲಾಂಟ್ ಬೆಲೆ, ಬ್ರ್ಯಾಂಡ್, ಕಂಪನಿ, ಬ್ಯಾಚ್ ಬೇರೆಯಾಗಿ ತೋರಿಸಬೇಕು ಅಂತ ಇದೆ.

ಇನ್ನೊಂದು. ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದರೆ ಅದೇ ನಿಯಮದಲ್ಲಿ ಒಳರೋಗಿ ದಾಖಲೆಯನ್ನು ಡಾಕ್ಟರ್ ಇಟ್ಟುಕೊಳ್ಳಬೇಕಾದದ್ದು ಮೂರು ವರ್ಷ ಮಾತ್ರ. ನಿಮ್ಮ ಮಂಡಿ ಇಪ್ಪತ್ತು ವರ್ಷ ಇರಬೇಕಾದದ್ದು, ಅಲ್ವಾ? ಈಗಲೇ ಕೇಳಿ ಇಟ್ಟುಕೊಳ್ಳಿ. ಮುಂದೆ ಯಾವಾಗಲಾದರೂ ಪ್ಲಾಸ್ಟಿಕ್ ಭಾಗ ಮಾತ್ರ ಬದಲಾಯಿಸಬೇಕಾಗಿ ಬಂದರೆ ಯಾವ ಕಂಪನಿ, ಯಾವ ಸೈಜು ಅಂತ ಗೊತ್ತಿಲ್ಲದೆ ಡಾಕ್ಟರ್ ಕಷ್ಟಪಡುತ್ತಾರೆ.

ವಿಜಯನಗರ_ಹಿಪ್

ಅಂಕಲ್ ಮಾತಿಗೆ ನನ್ನ ಬೆಂಬಲ. 2010ರಲ್ಲಿ ಡೆಪ್ಯೂ ಕಂಪನಿಯ ಎಎಸ್‌ಆರ್ ಅನ್ನುವ ಹಿಪ್ (ಸೊಂಟದ ಕೀಲು) ಇಂಪ್ಲಾಂಟನ್ನು ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡರು, ನೆನಪಿದೆಯಾ? ಲೋಹಕ್ಕೆ ಲೋಹ ಉಜ್ಜಿ ಅದರ ಕಣಗಳು ರಕ್ತಕ್ಕೆ, ಸುತ್ತಲಿನ ಮಾಂಸಕ್ಕೆ ಸೇರುತ್ತಿದ್ದವು. ನಮ್ಮ ದೇಶದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಹಾಕಿದ್ದರು. ವರ್ಷಗಳ ನಂತರ ಕೇಂದ್ರದ ಸಮಿತಿ ನೋಡಿದಾಗ ಅವರಲ್ಲಿ ಹೆಚ್ಚಿನವರ ಪತ್ತೆಯೇ ಇರಲಿಲ್ಲ. ಯಾರ ಸೊಂಟದಲ್ಲಿ ಅದು ಇದೆ ಅಂತ ಹುಡುಕಲು ದಾರಿ ಇಲ್ಲ. ಸ್ವೀಡನ್‌ನಲ್ಲಿ ಮಂಡಿಗೆ 1975ರಿಂದ, ಹಿಪ್‌ಗೆ 1979ರಿಂದ, ಯಾರಿಗೆ ಯಾವ ಇಂಪ್ಲಾಂಟ್ ಹಾಕಿದರು ಅಂತ ಬರೆದಿಡುವ ದೇಶವ್ಯಾಪಿ ರಿಜಿಸ್ಟರ್ ಇದೆ. ನಮ್ಮಲ್ಲಿ ಸರ್ಜನ್‌ಗಳ ಸಂಘ ನಡೆಸುವುದು ಇದೆ, ಆದರೆ ಅದಕ್ಕೆ ವಿವರ ಕಳಿಸುವುದು ಅವರವರ ಇಷ್ಟ.

ನನ್ನದು ಬೇರೆ ಕಥೆ. ವಯಸ್ಸು ನಲವತ್ತೂ ಆಗಿಲ್ಲ. ಸ್ಟೀರಾಯ್ಡ್‌ನಿಂದ ತೊಡೆ ಮೂಳೆಯ ತಲೆಗೆ ರಕ್ತ ಹೋಗುವುದು ನಿಂತು ಅದು ಕುಸಿದುಹೋಯಿತು, ಹಿಪ್ ಬದಲಾಯಿಸಬೇಕಾಯಿತು. ಫಾಲೋ-ಅಪ್‌ನಲ್ಲಿ ನನಗೆ ಸಿಕ್ಕ ಸೂಚನೆಗಳೆಲ್ಲ ಎಪ್ಪತ್ತು ವರ್ಷದವರಿಗೆ ಬರೆದದ್ದು. ಕಾಲ ಮೇಲೆ ಕಾಲು ಹಾಕಬೇಡಿ, ಸೊಂಟ 90 ಡಿಗ್ರಿಗಿಂತ ಬಗ್ಗಿಸಬೇಡಿ, ಕಮೋಡ್ ಎತ್ತರ ಮಾಡಿಸಿ. ಸರಿ, ಮಾಡಿದೆ. ಬೈಕ್ ಓಡಿಸಬಹುದಾ? ಮಗುವನ್ನು ಎತ್ತಿಕೊಳ್ಳಬಹುದಾ? ಆಫೀಸಿನಲ್ಲಿ ಎಷ್ಟು ಹೊತ್ತು ಕೂರಬಹುದು? ಗಂಡ ಹೆಂಡತಿ ಸಂಬಂಧ ಯಾವಾಗಿನಿಂದ? ಕೊನೆಯದನ್ನು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ, ಓಪಿಡಿಯಲ್ಲಿ ಪಕ್ಕದಲ್ಲೇ ಇನ್ನಿಬ್ಬರು ರೋಗಿಗಳು ನಿಂತಿರುತ್ತಾರೆ. ಬಾಗಿಲು ಹಾಕಿ ಐದು ನಿಮಿಷ ಮಾತಾಡುವ ಫಾಲೋ-ಅಪ್ ಬೇಕು. ನಾನು ಕೇಳುವುದು ಅಷ್ಟೇ.

ನೆಲಮಂಗಲ_ತಮ್ಮ

ನಮ್ಮಪ್ಪ ಊರಲ್ಲಿ ಇರುವುದು, ಆಪರೇಷನ್ ಬೆಂಗಳೂರಲ್ಲಿ. ಒಂದು ರಿವ್ಯೂ ಅಂದರೆ ಬೆಳಗಿನ ಜಾವ ಎದ್ದು ಕಾರು ಬಾಡಿಗೆಗೆ ಮಾಡಿ, ತುಮಕೂರು ರಸ್ತೆ ಟ್ರಾಫಿಕ್‌ನಲ್ಲಿ ಕಾಲು ಮಡಚಿ ಕೂತು ಬಂದು, ಎಕ್ಸ್‌ರೇ, ಕಾಯೋದು, ಎರಡು ನಿಮಿಷದ ಮಾತು, ಮತ್ತೆ ವಾಪಸ್. ಕಾಲು ಊದಿಕೊಂಡು ಎರಡು ದಿನ ಏಳುವುದಿಲ್ಲ. ನನ್ನ ಅಭಿಪ್ರಾಯ ಏನಂದರೆ ಊರ ಹತ್ತಿರವೇ ಎಕ್ಸ್‌ರೇ ತೆಗೆಸಿ, ವಿಡಿಯೋ ಕಾಲ್‌ನಲ್ಲಿ ನಡೆದು ತೋರಿಸಿದರೆ ಅರ್ಧಕ್ಕರ್ಧ ರಿವ್ಯೂಗಳು ಮುಗಿಯುತ್ತವೆ. 2020ರ ಮಾರ್ಚ್‌ನಲ್ಲೇ ಟೆಲಿಮೆಡಿಸಿನ್‌ಗೆ ಸರ್ಕಾರದ ಮಾರ್ಗಸೂಚಿ ಬಂದಿದೆ. ಫೀಸು ತಗೊಳ್ಳಲಿ, ಬೇಡ ಅನ್ನುವುದಿಲ್ಲ.

ಈಗ ಒಂದು ಅರ್ಜೆಂಟ್ ಪ್ರಶ್ನೆ. ಗಾಯದ ಕೆಳತುದಿಯಲ್ಲಿ ಸ್ವಲ್ಪ ನೀರು ಒಸರುತ್ತಿದೆ. ಊರಿನ ಡಾಕ್ಟರ್ ಆ್ಯಂಟಿಬಯೋಟಿಕ್ ಬರೆದುಕೊಟ್ಟಿದ್ದಾರೆ. ಇನ್ನೂ ಶುರು ಮಾಡಿಲ್ಲ. ಕೊಡಬಹುದಾ?

ಮೂಳೆ_ವಾರ್ಡ್_ನರ್ಸ್

ತಮ್ಮ, ಕೊಡಬೇಡಿ. ಈಗಲೇ ಆಪರೇಷನ್ ಮಾಡಿದ ಡಾಕ್ಟರ್‌ಗೆ ಫೋನ್ ಮಾಡಿ, ಗಾಯದ ಫೋಟೋ ಕಳಿಸಿ, ಅವರು ಬನ್ನಿ ಅಂದರೆ ಇವತ್ತೇ ಹೊರಡಿ. ಕಾರಣ ಹೇಳುತ್ತೇನೆ ಕೇಳಿ. ಸೋಂಕು ಚರ್ಮದ ಮೇಲೆ ಮಾತ್ರ ಇದೆಯಾ, ಕೀಲಿನವರೆಗೆ ಹೋಗಿದೆಯಾ ಅಂತ ತಿಳಿಯಲು ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು ಲ್ಯಾಬ್‌ಗೆ ಕಳಿಸಬೇಕಾಗಬಹುದು. ಅದಕ್ಕೂ ಮೊದಲೇ ಆ್ಯಂಟಿಬಯೋಟಿಕ್ ಕೊಟ್ಟುಬಿಟ್ಟರೆ ಕ್ರಿಮಿ ಬೆಳೆಯುವುದಿಲ್ಲ, ಯಾವ ಕ್ರಿಮಿ ಅಂತ ಗೊತ್ತಾಗುವುದಿಲ್ಲ, ಒಳಗೆ ಮಾತ್ರ ಇದ್ದೇ ಇರುತ್ತದೆ. ಮೊದಲ ಕೆಲವು ವಾರದಲ್ಲೇ ಹಿಡಿದರೆ ತೊಳೆದು, ಪ್ಲಾಸ್ಟಿಕ್ ಭಾಗ ಬದಲಾಯಿಸಿ ಇಂಪ್ಲಾಂಟ್ ಉಳಿಸಬಹುದು. ತಡವಾದರೆ ಇಡೀ ಇಂಪ್ಲಾಂಟ್ ತೆಗೆಯಬೇಕಾಗುತ್ತದೆ. ಸೋಂಕು ನೂರರಲ್ಲಿ ಒಬ್ಬಿಬ್ಬರಿಗೆ ಆಗುವಂಥದ್ದು, ಆದರೆ ಆದವರಿಗೆ ಅದು ತುಂಬಾ ದೊಡ್ಡ ಕಷ್ಟ. ಅಪ್ಪನಿಗೆ ಶುಗರ್ ಇದ್ದರೆ ಅದನ್ನೂ ಹೇಳಿ.

ಎಲ್ಲರಿಗೂ ಹೇಳುತ್ತಿದ್ದೇನೆ: ಗಾಯ ಒಸರುವುದು, ಕಡಿಮೆಯಾಗಿದ್ದ ನೋವು ಮತ್ತೆ ಜಾಸ್ತಿ ಆಗುವುದು, ಜ್ವರ, ಇವಕ್ಕೆ ಮುಂದಿನ ರಿವ್ಯೂ ದಿನಾಂಕ ನೋಡುತ್ತಾ ಕೂರಬೇಡಿ. ಮೀನಖಂಡ ಗಟ್ಟಿಯಾಗಿ ನೋಯುತ್ತಾ ಒಂದೇ ಕಾಲು ಊದಿಕೊಂಡರೆ ರಕ್ತ ಹೆಪ್ಪುಗಟ್ಟಿರಬಹುದು. ಇದ್ದಕ್ಕಿದ್ದ ಹಾಗೆ ಉಸಿರಾಡಲು ಕಷ್ಟ, ಎದೆ ನೋವು ಬಂದರೆ ಫೋನ್ ಕೂಡ ಬೇಡ, ಹತ್ತಿರದ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ರಕ್ತ ತೆಳು ಮಾಡುವ ಮಾತ್ರೆ ಹೇಳಿದಷ್ಟು ದಿನ ಕೊಡಿ. "ನಡೆಯುತ್ತಿದ್ದಾರಲ್ಲ, ಇನ್ನು ಯಾಕೆ" ಅಂತ ಮನೆಯವರೇ ನಿಲ್ಲಿಸಿಬಿಡುತ್ತಾರೆ.

ನೆಲಮಂಗಲ_ತಮ್ಮ

ಫೋಟೋ ಕಳಿಸಿದೆ ಅಕ್ಕ. ಈಗಲೇ ಕರೆದುಕೊಂಡು ಬನ್ನಿ ಅಂದರು. ಹೊರಟೆವು.

ಮಲ್ಲೇಶ್ವರ_ಟೀಚರ್

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಅಂತ ಇತ್ತು. ನನ್ನ ಮಂಡಿ ಆಪರೇಷನ್ ಆಗಿ ವರ್ಷ ಕಳೆದರೂ ನೋವು ಹೋಗಿರಲಿಲ್ಲ. ಪ್ರತಿ ರಿವ್ಯೂನಲ್ಲೂ ಅದೇ ಮಾತು, ಎಕ್ಸ್‌ರೇ ಚೆನ್ನಾಗಿದೆ, ಎಕ್ಸರ್‌ಸೈಜ್ ಮಾಡಿ. ಕೊನೆ ಕೊನೆಗೆ ಮನೆಯವರೂ ಡಾಕ್ಟರೇ ಸರಿ ಇದೆ ಅಂದಮೇಲೆ ಅಂತ ನನ್ನ ಮಾತು ಕೇಳುವುದು ಬಿಟ್ಟರು. ನೋವಿಗಿಂತ ಅದು ಜಾಸ್ತಿ ನೋಯಿಸಿತು. ಮಂಡಿ ಬದಲಾಯಿಸಿದ ಐದು ಜನರಲ್ಲಿ ಸುಮಾರು ಒಬ್ಬರಿಗೆ ನೋವು ಅಥವಾ ಅಸಮಾಧಾನ ಉಳಿಯುತ್ತದೆ ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ನಾನೊಬ್ಬಳೇ ಅಲ್ಲ ಅಂತಾದರೂ ಅನ್ನಿಸುತ್ತಿತ್ತು.

ಬೇರೊಬ್ಬ ಡಾಕ್ಟರ್ ಹತ್ತಿರ ಹೋದೆ. ಅವರು ಎಕ್ಸ್‌ರೇ ಪಕ್ಕಕ್ಕಿಟ್ಟು, ಎಲ್ಲಿ ನೋವು ಬೆರಳಿಟ್ಟು ತೋರಿಸಿ ಅಂದರು. ಕಾರಿಡಾರ್‌ನಲ್ಲಿ ನಡೆಸಿದರು. ಸೋಂಕಿಗೆ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ ಮಾಡಿಸಿದರು. ಮಲಗಿಸಿ ಸೊಂಟದ ಕೀಲು ತಿರುಗಿಸಿ ನೋಡಿದರು, ಬೆನ್ನು ನೋಡಿದರು. ನೋವು ಬರುತ್ತಿದ್ದದ್ದು ಬೆನ್ನಿನ ಕೆಳಭಾಗದಲ್ಲಿ ನರ ಒತ್ತಿದ್ದರಿಂದ. ಈಗ ಅದಕ್ಕೆ ಚಿಕಿತ್ಸೆ ನಡೀತಿದೆ, ಎಷ್ಟೋ ವಾಸಿ. ನನ್ನ ಮಂಡಿ ಆಪರೇಷನ್ ಮಾಡಿದವರು ಕೆಟ್ಟವರಲ್ಲ, ಅವರ ಕೆಲಸ ಅಚ್ಚುಕಟ್ಟಾಗಿಯೇ ಇದೆ. ಆದರೆ ಅವರು ನೋಡಿದ್ದು ತಮ್ಮ ಕೆಲಸವನ್ನು. ನನ್ನನ್ನಲ್ಲ.

ಜಯನಗರ_ಮಗಳು

ಟೀಚರ್, ಬರೆದದ್ದು ತುಂಬಾ ಒಳ್ಳೇದಾಯಿತು. ಅಮ್ಮನಿಗೆ ನಿಮ್ಮದನ್ನು ಎರಡು ಸಲ ಓದಿ ಹೇಳಿದೆ.

ಕೋರಮಂಗಲ_ಲೆಕ್ಕ

ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ ವರ್ಷ ವರ್ಷ ಎಕ್ಸ್‌ರೇ ಅಂತ ಹೊರಟರೆ ಓಪಿಡಿ ಇನ್ನೂ ತುಂಬುತ್ತದೆ, ನಿಜವಾಗಿ ತೊಂದರೆ ಇರುವವರಿಗೆ ಸಮಯ ಇರುವುದಿಲ್ಲ. ಬ್ರಿಟನ್‌ನಲ್ಲಿ 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಶಿಫಾರಸು ಏನು ಅಂದರೆ, ಚೆನ್ನಾಗಿ ಬಾಳಿಕೆ ಬರುತ್ತದೆ ಅಂತ ಈಗಾಗಲೇ ಸಾಬೀತಾದ ಇಂಪ್ಲಾಂಟ್ ಹಾಕಿಸಿಕೊಂಡು ತೊಂದರೆ ಇಲ್ಲದವರಿಗೆ ಒಂದನೇ ವರ್ಷದಿಂದ ಹತ್ತನೇ ವರ್ಷದವರೆಗೆ ವಾಡಿಕೆಯ ಚೆಕಪ್ ಬೇಕಿಲ್ಲ, ಹತ್ತನೇ ವರ್ಷಕ್ಕೆ ಎಕ್ಸ್‌ರೇ ಸಹಿತ ನೋಡಬೇಕು. 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದಲ್ಲಿ 25 ವರ್ಷವಾದರೂ ಮಂಡಿ ನೂರಕ್ಕೆ 82, ಹಿಪ್ ನೂರಕ್ಕೆ 58 ಉಳಿದಿದ್ದವು. ಹೆಚ್ಚಿನವರದ್ದು ಚೆನ್ನಾಗಿಯೇ ಇರುತ್ತದೆ.

ವಿಜಯನಗರ_ಹಿಪ್

ನೀವು ಹೇಳಿದ್ದು ಸರಿ, ಆದರೆ ಅದೇ ಬ್ರಿಟನ್‌ನಲ್ಲಿ ಹಾಕಿದ ಇಂಪ್ಲಾಂಟ್‌ಗಳ ವಿವರ 2003ರಿಂದ ರಿಜಿಸ್ಟರ್‌ಗೆ ಹೋಗುತ್ತಿದೆ. ಯಾವುದಾದರೂ ಮಾಡೆಲ್ ಬೇಗ ಕೆಡುತ್ತಿದೆ ಅಂದರೆ ರೋಗಿ ಮನೆಯಲ್ಲಿ ಕೂತಿದ್ದರೂ ಅವರಿಗೆ ಗೊತ್ತಾಗುತ್ತದೆ. ನಮಗೆ ಆ ಕಾವಲು ಇಲ್ಲ. ಇಲ್ಲಿ ರೋಗಿ ತಾನೇ ಎಚ್ಚರವಾಗಿರಬೇಕು. ಮತ್ತೆ 58 ಅನ್ನುವುದು ಎಪ್ಪತ್ತರ ವಯಸ್ಸಿನವರಿಗೆ ನೆಮ್ಮದಿ, ನನಗೆ ಅಲ್ಲ.

ಕೋರಮಂಗಲ_ಲೆಕ್ಕ

ಒಪ್ಪಿದೆ. ನಾನು ರಿಜಿಸ್ಟರ್ ವಿಷಯ ಯೋಚಿಸಿರಲಿಲ್ಲ. ಮೊದಲ ವರ್ಷ ಚೆನ್ನಾಗಿ ನೋಡಲಿ, ಆಮೇಲೆ ಫೋನ್‌ನಲ್ಲಿ ಕೇಳಲಿ, ಎಕ್ಸ್‌ರೇ ಬೇಕಾದವರಿಗೆ ಬೇಕಾದಾಗ ಆಗಲಿ ಅನ್ನುವುದು ನನ್ನ ಮಾತು.

ಬಸವನಗುಡಿ_ಅಕೌಂಟ್ಸ್

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ಮನೆಗೆ ಬರುವ ಫಿಸಿಯೋಗೆ ನಾವು ಒಂದು ಸಲಕ್ಕೆ 700 ಕೊಟ್ಟೆವು, ತಿಂಗಳಿಗೆ ದೊಡ್ಡ ಮೊತ್ತವೇ ಆಯಿತು. ಹೆಚ್ಚಿನ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ನಂತರದ 60 ಅಥವಾ 90 ದಿನದ ಖರ್ಚು ಸೇರಿರುತ್ತದೆ. ಆದರೆ ಫಿಸಿಯೋ ಬಿಲ್ ಪಾಸ್ ಆಗಬೇಕಾದರೆ ಡಾಕ್ಟರ್ ಇಷ್ಟು ದಿನ ಫಿಸಿಯೋ ಬೇಕು ಅಂತ ಬರೆದುಕೊಟ್ಟಿರಬೇಕು. ಬಾಯಲ್ಲಿ ಹೇಳಿದರೆ ಸಾಲದು. ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ, ಪ್ರತಿ ಸಲ ದಿನಾಂಕ ಹಾಕಿದ ರಸೀದಿ ಇಸ್ಕೊಳ್ಳಿ, ಪಾಲಿಸಿಯಲ್ಲಿ ಮನೆ ಫಿಸಿಯೋ ಇದೆಯಾ ಅಂತ ಮೊದಲೇ ಕೇಳಿ. ಆಯುಷ್ಮಾನ್ ಕಾರ್ಡ್‌ನವರಿಗೆ ಡಿಸ್ಚಾರ್ಜ್ ನಂತರದ 15 ದಿನದ ಔಷಧಿ ಪ್ಯಾಕೇಜ್‌ನಲ್ಲೇ ಸೇರಿದೆ, ಅದಕ್ಕೆ ಬೇರೆ ದುಡ್ಡು ಕೊಡಬೇಡಿ.

ಹೆಬ್ಬಾಳ_ಸೊಸೆ

ಸ್ಟಿಕ್ಕರ್ ಸಿಕ್ಕಿತು ಅಂಕಲ್! ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಕೊಟ್ಟೆ, ಥಿಯೇಟರ್ ಹಾಳೆಯ ಜೆರಾಕ್ಸ್ ಕೊಟ್ಟರು. ಫೋನ್‌ನಲ್ಲಿ ಫೋಟೋ ತೆಗೆದು ಮನೆಯವರೆಲ್ಲರಿಗೂ ಕಳಿಸಿದ್ದೇನೆ. ಅತ್ತೆಗೆ ಇನ್ನೊಂದು ಭಯ, ಮೆಟ್ರೋ ಬಾಗಿಲಲ್ಲಿ ಬೀಪ್ ಬಂದರೆ?

ರಾಜಾಜಿನಗರ_ನಿವೃತ್ತ

ಬರುತ್ತದೆ. ಮಂಡಿ ತೋರಿಸಿ ಆಪರೇಷನ್ ಆಗಿದೆ ಅಂದರೆ ಕೈಯಲ್ಲಿ ಹಿಡಿಯುವ ಮಶೀನ್‌ನಿಂದ ನೋಡಿ ಬಿಡುತ್ತಾರೆ. ಏರ್‌ಪೋರ್ಟ್‌ನಲ್ಲೂ ಅಷ್ಟೇ, ಸ್ವಲ್ಪ ಬೇಗ ಹೋಗಿ. ಮೆಟ್ರೋದಲ್ಲಿ ಲಿಫ್ಟ್ ಇದೆ, ಎಸ್ಕಲೇಟರ್ ಮೊದಮೊದಲು ಬೇಡ.

ಜಯನಗರ_ಮಗಳು

ನೀವೆಲ್ಲ ಹೇಳಿದ್ದರಲ್ಲಿ ನಮಗೆ ಬೇಕಾದದ್ದನ್ನು ಆರಿಸಿ ಅಮ್ಮನ ಕೈಯಲ್ಲೇ ಒಂದು ಹಾಳೆಯಲ್ಲಿ ಬರೆಸಿದೆ. ಅವರ ಪ್ರಶ್ನೆಗಳು, ಅವರ ಅಕ್ಷರ, ಕನ್ನಡದಲ್ಲಿ. ಮುಂದಿನ ರಿವ್ಯೂನಲ್ಲಿ ಡಾಕ್ಟರ್ ಎಕ್ಸ್‌ರೇ ತೆರೆಯುವ ಮೊದಲೇ ಅದನ್ನು ಮೇಜಿನ ಮೇಲೆ ಇಡುತ್ತೇವೆ. ನಡೆದು ತೋರಿಸುತ್ತೇನೆ ನೋಡಿ ಸರ್ ಅಂತ ಅಮ್ಮನೇ ಹೇಳುತ್ತಾರಂತೆ. ಡಿಸ್ಚಾರ್ಜ್ ದಿನ ಕನ್ನಡದ ಹಾಳೆ ಕೊಡಿ, ಆರು ವಾರದಲ್ಲಿ ಫಿಸಿಯೋ ಒಬ್ಬರು ಕೋನ ಅಳೆದು ಬರೆಯಲಿ ಅಂತ ಆಸ್ಪತ್ರೆಗೂ ಇಮೇಲ್ ಹಾಕಿದ್ದೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ಅಮ್ಮನ ಒಂದು ಹಲ್ಲು ಕೀಳಿಸಬೇಕಾಗಿದೆ. ಮಂಡಿಗೆ ತೊಂದರೆ ಆಗುತ್ತದಾ?

ಮೂಳೆ_ವಾರ್ಡ್_ನರ್ಸ್

ತೀರಾ ಅರ್ಜೆಂಟ್ ಇಲ್ಲದಿದ್ದರೆ ಮೊದಲ ಮೂರು ತಿಂಗಳು ಮುಂದೂಡಿ ಅಂತ ಬಹಳಷ್ಟು ಸರ್ಜನ್‌ಗಳು ಹೇಳುತ್ತಾರೆ. ಆದರೆ ಕೀವು ಇದ್ದರೆ ಕಾಯಬೇಡಿ, ಬಾಯಿಯ ಸೋಂಕು ರಕ್ತದ ಮೂಲಕ ಮಂಡಿಗೆ ಹೋಗಬಹುದು. ಹಲ್ಲಿನ ಡಾಕ್ಟರ್‌ಗೆ ಮಂಡಿ ಬದಲಾಗಿದೆ ಅಂತ ತಪ್ಪದೆ ಹೇಳಿ. ಹಲ್ಲು ಕೀಳುವ ಮೊದಲು ಆ್ಯಂಟಿಬಯೋಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ, ಶುಗರ್ ಇದೆಯಾ, ಬೇರೆ ಕಾಯಿಲೆ ಏನಿದೆ ನೋಡಿ ನಿಮ್ಮ ಸರ್ಜನ್ ತೀರ್ಮಾನ ಮಾಡುತ್ತಾರೆ. ಆ ಪ್ರಶ್ನೆಯನ್ನೂ ಹಾಳೆಗೆ ಸೇರಿಸಿ, ಮೇಡಂ.

ನೆಲಮಂಗಲ_ತಮ್ಮ

ಅಕ್ಕ, ಅಪ್ಪನ ಸುದ್ದಿ. ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ ಮಾಡಿದರು, ಒಳಗೆ ಸೋಂಕು ಇಲ್ಲ, ಚರ್ಮದ ಒಳಗಿನ ಹೊಲಿಗೆಯ ಒಂದು ತುಂಡು ಹೊರಬರುತ್ತಿತ್ತು, ಅದನ್ನು ತೆಗೆದು ಡ್ರೆಸ್ಸಿಂಗ್ ಮಾಡಿ ಕಳಿಸಿದರು. ಮುಂದಿನ ರಿವ್ಯೂ ವಿಡಿಯೋದಲ್ಲಿ ಮಾಡೋಣ ಅಂತ ಡಾಕ್ಟರೇ ಹೇಳಿದರು, ನಾನು ಕೇಳಿದ್ದಕ್ಕೆ.